ಸಂಘವೋ, ಟ್ರಸ್ಟೋ, ಕಂಪನಿಯೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಸೇವಾ ಸಂಸ್ಥೆಗಳ ನೋಂದಣಿ, ಆಡಳಿತ, ಲೆಕ್ಕಪತ್ರದ ಬಗ್ಗೆ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಈ ಕೆಲಸದಲ್ಲೇ ಇರುವ ವಕೀಲರು ಮತ್ತು ಲೆಕ್ಕ ಪರಿಶೋಧಕರು ಕೂಡಿ ಉತ್ತರ ಬರೆದಿದ್ದಾರೆ. ಆದಾಯ ತೆರಿಗೆಯ ಸೆಕ್ಷನ್‌ಗಳನ್ನು 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ ಕೊಡುವ ನೋಂದಣಿ), 80ಜಿ (ದಾನ ಕೊಟ್ಟವರಿಗೆ ತೆರಿಗೆ ಕಡಿತ) ಎಂಬ ರೂಢಿಯ ಹೆಸರಿನಿಂದಲೇ ಕರೆದಿದ್ದೇವೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್ ಮತ್ತು ನಮೂನೆಗಳ ಸಂಖ್ಯೆ ಬೇರೆ. ಅರ್ಜಿ ಹಾಕುವಾಗ ಪೋರ್ಟಲ್‌ನಲ್ಲಿ ಇರುವ ಸಂಖ್ಯೆಯನ್ನೇ ಹಿಡಿಯಿರಿ.

ಪ್ರಶ್ನೆ: ನಾವು ಒಂಬತ್ತು ಮಂದಿ ಗೆಳೆಯರು. ಬಡ ಮಕ್ಕಳಿಗೆ ಸಂಜೆ ಪಾಠ ಹೇಳಬೇಕು, ಒಂದು ವಾಚನಾಲಯ ನಡೆಸಬೇಕು ಎಂದಿದ್ದೇವೆ. ಒಬ್ಬರು ಟ್ರಸ್ಟ್ ಮಾಡಿರಿ ಅನ್ನುತ್ತಾರೆ, ಇನ್ನೊಬ್ಬರು ಸೊಸೈಟಿ ಅನ್ನುತ್ತಾರೆ, ಸಿಎ ಅವರು ಸೆಕ್ಷನ್ 8 ಕಂಪನಿ ಅನ್ನುತ್ತಾರೆ. ಯಾವುದು ಒಳ್ಳೆಯದು?
– ಶಿಕ್ಷಕರು, ಅಣ್ಣಿಗೇರಿ

ಉತ್ತರ: ಅದಕ್ಕೂ ಮೊದಲು ಒಂದು ಮಾತು ಯೋಚಿಸಿ. ಹತ್ತು ವರ್ಷದ ನಂತರ ನಿಮ್ಮ ಒಂಬತ್ತು ಮಂದಿಯಲ್ಲಿ ಮೂವರು ವರ್ಗವಾಗಿ ಹೋಗಿರುತ್ತಾರೆ, ಇಬ್ಬರ ನಡುವೆ ಮಾತು ನಿಂತಿರುತ್ತದೆ. ಆಗ ವಾಚನಾಲಯದ ಬೀಗದ ಕೈ ಯಾರ ಹತ್ತಿರ ಇರಬೇಕು? ಮೂರೂ ರೂಪಗಳು ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತವೆ. ತೆರಿಗೆ ವಿನಾಯಿತಿಯ ನಿಯಮ ಮೂರಕ್ಕೂ ಒಂದೇ ಆದ್ದರಿಂದ ತೆರಿಗೆ ನೋಡಿ ಆಯ್ಕೆ ಮಾಡಬೇಡಿ.

ಸಂಘ ಅಂದರೆ ಸೊಸೈಟಿ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಬರುತ್ತದೆ. ಕನಿಷ್ಠ 7 ಮಂದಿ ಬೇಕು. ಇಲ್ಲಿ ಸರ್ವಸದಸ್ಯರ ಸಭೆಯೇ ಯಜಮಾನ, ಆಡಳಿತ ಮಂಡಳಿ ಅದಕ್ಕೆ ಉತ್ತರ ಹೇಳಬೇಕು. ಇದರ ಬಲವೂ ದೌರ್ಬಲ್ಯವೂ ಸದಸ್ಯತ್ವವೇ. ಯಾರು ಬೇಕಾದರೂ ನೂರು ರೂಪಾಯಿ ಕಟ್ಟಿ ಸದಸ್ಯರಾಗಬಹುದು ಎಂದು ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಬರೆದುಕೊಂಡ ಸಂಘಗಳಲ್ಲಿ ಚುನಾವಣೆಗೆ ಹದಿನೈದು ದಿನ ಇರುವಾಗ ಎಂಬತ್ತು ಹೊಸ ಸದಸ್ಯರು ಬಂದು, ಸಂಸ್ಥೆ ಒಂದೇ ಮಧ್ಯಾಹ್ನದಲ್ಲಿ ಕೈ ಬದಲಾಯಿಸಿದ್ದುಂಟು. ಆದ್ದರಿಂದ ಎರಡು ಸಾಲು ಮರೆಯದೆ ಹಾಕಿಸಿ. ಸದಸ್ಯತ್ವದ ಅರ್ಜಿಯನ್ನು ಆಡಳಿತ ಮಂಡಳಿ ಒಪ್ಪಿದ ಮೇಲೆಯೇ ಸದಸ್ಯತ್ವ ಸಿಗಬೇಕು. ಸದಸ್ಯರಾಗಿ ಒಂದು ವರ್ಷ ತುಂಬಿದ ಮೇಲೆ ಮತದಾನದ ಹಕ್ಕು ಬರಬೇಕು.

ಟ್ರಸ್ಟ್‌ನಲ್ಲಿ ಸದಸ್ಯರೇ ಇಲ್ಲ. ಒಬ್ಬರು ಒಂದು ಉದ್ದೇಶಕ್ಕೆಂದು ಆಸ್ತಿ ಅಥವಾ ಹಣ ತೆಗೆದಿಡುತ್ತಾರೆ, ಅದನ್ನು ಕಾಯಲು ಟ್ರಸ್ಟಿಗಳನ್ನು ನೇಮಿಸುತ್ತಾರೆ. ಒಮ್ಮೆ ಬರೆದುಕೊಟ್ಟ ಮೇಲೆ ಕೊಟ್ಟವರಿಗೂ ಅದರ ಮೇಲೆ ಹಕ್ಕಿಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗಾಗಿ ಮಾಡಿದ್ದು. ಸಾರ್ವಜನಿಕ ಟ್ರಸ್ಟ್‌ಗೆ ನಿಮ್ಮ ಟ್ರಸ್ಟ್ ಡೀಡೇ (ಟ್ರಸ್ಟ್ ಸ್ಥಾಪಿಸಿ ಬರೆದ ಪತ್ರ) ಬಹುಮಟ್ಟಿಗೆ ಕಾನೂನು. ಅದಕ್ಕೇ ಡೀಡ್‌ನಲ್ಲಿ ಬಿಟ್ಟುಹೋದದ್ದು ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ. ಟ್ರಸ್ಟಿ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಸತತ ಮೂರು ಸಭೆಗೆ ಬಾರದಿದ್ದರೆ ಮುಂದಿನವರನ್ನು ಯಾರು, ಎಷ್ಟು ದಿನದೊಳಗೆ ಆರಿಸಬೇಕು ಎಂಬುದೊಂದು ಪುಟವಾದರೂ ಇರಬೇಕು. ಟ್ರಸ್ಟಿಗಳು ದಾರಿ ತಪ್ಪಿದರೆ ಆಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 92ರ ಕೆಳಗೆ ದಾವೆ ಹೂಡಬಹುದು. ಆದರೆ ಅದು ದೀರ್ಘ ದಾರಿ.

ಸೆಕ್ಷನ್ 8 ಕಂಪನಿ 2013ರ ಕಂಪನಿ ಕಾಯ್ದೆಯ ಕೂಸು. ಖಾಸಗಿ ಕಂಪನಿಯಾದರೆ ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಸಾಕು. ಕನಿಷ್ಠ ಬಂಡವಾಳದ ಕಟ್ಟುಪಾಡಿಲ್ಲ, ಲಾಭಾಂಶ ಹಂಚುವಂತಿಲ್ಲ. ಶಿಸ್ತು ಬಿಗಿಯಾಗಿದೆ. ವಾರ್ಷಿಕ ಸಭೆಯಾದ 30 ದಿನದಲ್ಲಿ ಎಒಸಿ-4 (ಲೆಕ್ಕಪತ್ರ), 60 ದಿನದಲ್ಲಿ ಎಂಜಿಟಿ-7 (ವಾರ್ಷಿಕ ವಿವರ) ಸಲ್ಲಿಸಬೇಕು. ತಡವಾದರೆ ಪ್ರತಿ ನಮೂನೆಗೂ ದಿನಕ್ಕೆ ₹100. ಒಂದು ವರ್ಷ ಮೈಮರೆತರೆ ಎರಡೂ ಸೇರಿ ₹73,000 ಆಗುತ್ತದೆ. ವಾಚನಾಲಯದ ವರ್ಷದ ಖರ್ಚೇ ಅಷ್ಟಿರಲಿಕ್ಕಿಲ್ಲ.

ನಿಮ್ಮಂಥ ಒಂಬತ್ತು ಸಮಾನರ ಗುಂಪಿಗೆ ಸಂಘವೇ ಸರಿ. ಒಂದು ಮನೆತನ ತನ್ನ ಹಿರಿಯರ ಹೆಸರಿನಲ್ಲಿ ಜಾಗ ಕೊಟ್ಟು ಅದು ಇಂಥದ್ದಕ್ಕೇ ಬಳಕೆಯಾಗಬೇಕು ಎನ್ನುವಾಗ ಟ್ರಸ್ಟ್ ಒಳ್ಳೆಯದು. ದೊಡ್ಡ ಅನುದಾನ, ಹಲವು ಜಿಲ್ಲೆ, ಸಂಬಳದ ಸಿಬ್ಬಂದಿ ಇದ್ದಾಗ ಕಂಪನಿ ಯೋಚಿಸಬಹುದು.

ಕಚೇರಿಯ ಗೊಂದಲ ಒಂದಿದೆ, ಬಹಳ ಮಂದಿ ಅಲ್ಲೇ ಒಂದು ದಿನ ಕಳೆಯುತ್ತಾರೆ. ಸಂಘದ ನೋಂದಣಿ ಸಹಕಾರ ಇಲಾಖೆಯಲ್ಲಿ. ಸಹಕಾರ ಸಂಘಗಳ ಉಪನಿಬಂಧಕರೇ ಸಂಘಗಳ ಜಿಲ್ಲಾ ನೋಂದಣಾಧಿಕಾರಿ. ಟ್ರಸ್ಟ್ ಡೀಡ್ ಮಾತ್ರ ಹೊಲ ಮನೆ ಖರೀದಿ ಪತ್ರ ನೋಂದಾಯಿಸುವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಕಂಪನಿಯ ಅರ್ಜಿ ಆನ್‌ಲೈನ್‌ನಲ್ಲಿ, ಮುಂದಿನ ಕಡತವೆಲ್ಲ ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್ ಬಳಿ.

ಸಂಘಕ್ಕೆ ಬೇಕಾದ್ದು ಮೆಮೊರಾಂಡಮ್ (ಸಂಘದ ಹೆಸರು, ಉದ್ದೇಶ ಹೇಳುವ ಪತ್ರ), ಬೈಲಾ, ಏಳು ಅಥವಾ ಹೆಚ್ಚು ಮಂದಿಯ ಹೆಸರು, ಉದ್ಯೋಗ, ವಿಳಾಸ, ಸಹಿ ಮತ್ತು ಗುರುತಿನ ಚೀಟಿ, ಕಚೇರಿಯ ಜಾಗದ ಉತಾರ ಅಥವಾ ಕರೆಂಟ್ ಬಿಲ್, ಬಾಡಿಗೆಯಾದರೆ ಮಾಲೀಕರ ಒಪ್ಪಿಗೆ ಪತ್ರ. ಆಧಾರ್‌ನಲ್ಲಿ ಇರುವ ಹಾಗೆಯೇ ಹೆಸರು ಬರೆಯಿರಿ. ಮೆಮೊರಾಂಡಮ್‌ನಲ್ಲಿ ಒಂದು, ಪ್ಯಾನ್ ಕಾರ್ಡಿನಲ್ಲಿ ಒಂದು ಆದರೆ ಬ್ಯಾಂಕ್ ಖಾತೆ ತೆರೆಯುವಾಗ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಬೈಲಾ ಬರೆದುಕೊಟ್ಟವರು 32 ಉದ್ದೇಶ ಹಾಕಿದ್ದಾರೆ. ಗೋಶಾಲೆಯಿಂದ ಹಿಡಿದು ಸಾಫ್ಟ್‌ವೇರ್ ತರಬೇತಿಯವರೆಗೆ ಎಲ್ಲ ಇದೆ. ಮುಂದೆ ಬೇಕಾದೀತು ಅನ್ನುತ್ತಾರೆ. ಇರಲಿ ಬಿಡಬಹುದೇ?
– ರಾಣೆಬೆನ್ನೂರು

ಉತ್ತರ: ಬಿಡಬೇಡಿ. ಸಂಸ್ಥೆಯ ನಿಜವಾದ ಅಧ್ಯಕ್ಷ ಉದ್ದೇಶದ ಕಲಮು. ಕುರ್ಚಿಯಲ್ಲಿ ಕೂತವರು ಅದರ ಕೆಲಸದವರು. 32 ಅಧ್ಯಕ್ಷರಿದ್ದರೆ ಯಾರ ಮಾತು ಕೇಳುತ್ತೀರಿ?

ತೆರಿಗೆಯ ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಯೋಗ, ಪರಿಸರ ರಕ್ಷಣೆ, ಸ್ಮಾರಕಗಳ ರಕ್ಷಣೆ ಇವು ಕಾನೂನು ಹೆಸರಿಟ್ಟು ಹೇಳಿದ ದಾನಧರ್ಮದ ಕೆಲಸಗಳು. ಇವುಗಳಲ್ಲಿ ಸೇರದ ಉಳಿದದ್ದೆಲ್ಲ ಸಾರ್ವಜನಿಕ ಉಪಯುಕ್ತತೆಯ ಗುಂಪಿಗೆ ಬೀಳುತ್ತದೆ. ಆ ಗುಂಪಿನವರು ಶುಲ್ಕ ಪಡೆದು ವ್ಯಾಪಾರದ ರೀತಿಯ ಕೆಲಸ ಮಾಡಿದರೆ, ಅದರ ಆದಾಯ ಒಟ್ಟು ಆದಾಯದ ಶೇ. 20 ದಾಟಿದ ವರ್ಷ ವಿನಾಯಿತಿ ಹೋಗುತ್ತದೆ. ಬರೀ ಶಾಲೆ ನಡೆಸುವ ಸಂಸ್ಥೆ ಬೇಡದ ಉದ್ದೇಶಗಳನ್ನು ಹೊತ್ತುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುವ ಅಗತ್ಯವೇನಿದೆ? ದೇಶದ ಹೊರಗೂ ಕೆಲಸ ಮಾಡುವುದು ಎಂಬ ಸಾಲನ್ನೂ ಯಾರೋ ನಕಲು ಮಾಡಿ ಸೇರಿಸಿರುತ್ತಾರೆ. ಅದು ಇದ್ದರೆ 12ಎ ಅರ್ಜಿಗೆ ಮೊದಲ ಆಕ್ಷೇಪಣೆ ಅಲ್ಲಿಂದಲೇ ಬರಬಹುದು.

ಎರಡು ವಾಕ್ಯ ಹೋಲಿಸಿ ನೋಡಿ. “ಸಮಾಜದ ಸರ್ವತೋಮುಖ ಅಭಿವೃದ್ಧಿಗಾಗಿ ಶ್ರಮಿಸುವುದು.” ಇದನ್ನು ಓದಿ ಯಾವ ಖರ್ಚು ತಪ್ಪು ಎಂದು ಹೇಳಲು ಯಾರಿಗೂ ಆಗದು. “ದೃಷ್ಟಿದೋಷ ಮತ್ತು ಶ್ರವಣದೋಷವುಳ್ಳ ಮಕ್ಕಳಿಗೆ ಜಾತಿ, ಧರ್ಮ, ಲಿಂಗ ಭೇದವಿಲ್ಲದೆ ಕಲಿಕಾ ಸಾಮಗ್ರಿ, ತರಬೇತಿ ಹಾಗೂ ವಿದ್ಯಾರ್ಥಿವೇತನ ಕೊಡುವುದು, ಗ್ರಾಮೀಣ ಶಾಲೆಗಳ ಮಕ್ಕಳಿಗೆ ಮೊದಲ ಆದ್ಯತೆ.” ಇದನ್ನು ಹಿಡಿದುಕೊಂಡು ಖಜಾಂಚಿ ಒಂದು ಬಿಲ್ ತಿರಸ್ಕರಿಸಬಹುದು. ಜಿಲ್ಲೆಯ ಹೆಸರನ್ನು ಕಲಮಿನೊಳಗೆ ಕಟ್ಟಿಹಾಕಬೇಡಿ, ಕೆಲಸ ಬೆಳೆದಾಗ ಅದೇ ಬೇಲಿಯಾಗುತ್ತದೆ. ಆದ್ಯತೆ ಎಂದು ಬರೆದರೆ ಸಾಕು.

ಇಂಥ ನಾಲ್ಕೈದು ಉದ್ದೇಶ ಇರಲಿ. ಜೊತೆಗೆ ಮೂರು ಕಲಮು ಕಡ್ಡಾಯ. ಆದಾಯವನ್ನು ಸದಸ್ಯರಿಗೆ ಹಂಚುವಂತಿಲ್ಲ. ಸಂಸ್ಥೆ ಮುಚ್ಚಿದರೆ ಉಳಿದ ಆಸ್ತಿ ಅದೇ ರೀತಿಯ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ತಿದ್ದುಪಡಿ ಹೇಗೆ ಆಗಬೇಕು ಎಂಬುದನ್ನೂ ಬರೆಯಿರಿ. ಮುಂದೆ ಉದ್ದೇಶ ಬದಲಾಯಿಸಿದರೆ ನೋಂದಣಾಧಿಕಾರಿಗೆ ಮಾತ್ರ ತಿಳಿಸಿ ಸುಮ್ಮನಾಗಬೇಡಿ. 12ಎ ಇದ್ದವರು 30 ದಿನದೊಳಗೆ ಆದಾಯ ತೆರಿಗೆ ಇಲಾಖೆಗೆ ಹೊಸದಾಗಿ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದೆ ವಿನಾಯಿತಿ ಕಳೆದುಕೊಳ್ಳುವ ಹಂತಕ್ಕೆ ಬಂದವರು ಬಹಳ.

ಪ್ರಶ್ನೆ: ನಮ್ಮ ಸಮಾಜದ ಮಕ್ಕಳಿಗೆ ಮಾತ್ರ ವಸತಿ ನಿಲಯ ಕಟ್ಟುವ ಟ್ರಸ್ಟ್‌ಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?
– ರೋಣ

ಉತ್ತರ: 1962ರ ಏಪ್ರಿಲ್ 1ರ ನಂತರ ಹುಟ್ಟಿದ ಸೇವಾ ಸಂಸ್ಥೆ ಒಂದು ನಿರ್ದಿಷ್ಟ ಧರ್ಮ ಅಥವಾ ಜಾತಿಯವರ ಹಿತಕ್ಕೆ ಮಾತ್ರ ಮೀಸಲಾಗಿದ್ದರೆ ವಿನಾಯಿತಿ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳು ಇವರಿಗಾಗಿ ಇದ್ದರೆ ಈ ಅಡ್ಡಿ ಬರುವುದಿಲ್ಲ. ಡೀಡ್‌ನಲ್ಲಿ ಸಮಾಜದ ಹೆಸರು ಹಾಕಿ ಕೈಕಟ್ಟಿಕೊಳ್ಳುವ ಬದಲು, ಬಡ ಗ್ರಾಮೀಣ ವಿದ್ಯಾರ್ಥಿಗಳಿಗೆ ಎಂದು ಬರೆದು, ಹಾಗೆಯೇ ನಡೆದುಕೊಳ್ಳಿ. ಪ್ರವೇಶ ರಿಜಿಸ್ಟರ್ ಒಂದು ಹೇಳಿ ಡೀಡ್ ಇನ್ನೊಂದು ಹೇಳುವಂತಾಗಬಾರದು.

ಪ್ರಶ್ನೆ: 1988ರಲ್ಲಿ ನೋಂದಣಿಯಾದ ನಮ್ಮ ಯುವಕ ಮಂಡಳದ ನವೀಕರಣ ಎಂಟು ವರ್ಷದಿಂದ ಆಗಿಲ್ಲ. ಹಳೆಯ ಕಾರ್ಯದರ್ಶಿ ತೀರಿಕೊಂಡಿದ್ದಾರೆ. ಹಿಂದಿನ ದಿನಾಂಕ ಹಾಕಿ ಠರಾವು ಬರೆದರೆ ಮುಗಿಯುತ್ತದೆ ಎನ್ನುತ್ತಾರೆ.
– ಮುಂಡರಗಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಎಂಟು ವರ್ಷದ ಠರಾವನ್ನು ಒಂದೇ ಪೆನ್ನಿನಿಂದ, ಒಂದೇ ಕೈಬರಹದಲ್ಲಿ, ಒಂದೇ ರಾತ್ರಿ ಬರೆದದ್ದು ನೋಡಿದ ಕೂಡಲೇ ತಿಳಿಯುತ್ತದೆ. ತೀರಿಕೊಂಡವರ ಹೆಸರು ಹಾಜರಿ ಪಟ್ಟಿಯಲ್ಲಿ ಬಂದುಬಿಟ್ಟರಂತೂ ದಂಡ ತುಂಬಿ ಮುಗಿಯಬಹುದಾಗಿದ್ದ ವಿಷಯ ಸುಳ್ಳು ದಾಖಲೆಯ ಅಪರಾಧವಾಗುತ್ತದೆ.

ಮೊದಲು ಕಡತ ಹುಡುಕಿ. ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ನಿಮ್ಮ ನೋಂದಣಿ ಆಗ ಅವಿಭಜಿತ ಧಾರವಾಡ ಜಿಲ್ಲೆಯಲ್ಲಿ ಆಗಿರುತ್ತದೆ. ಗದಗ ಕಚೇರಿಯಲ್ಲಿ ಕಡತ ಸಿಗದಿದ್ದರೆ ಇಲ್ಲವೆಂದು ಕೈಚೆಲ್ಲದೆ ಧಾರವಾಡದಲ್ಲೂ ಕೇಳಿ. ನೋಂದಣಿ ಸಂಖ್ಯೆ ಮತ್ತು ವರ್ಷ ಗೊತ್ತಿದ್ದರೆ ಮೆಮೊರಾಂಡಮ್, ಬೈಲಾ ಮತ್ತು ಕೊನೆಯದಾಗಿ ಸಲ್ಲಿಸಿದ ಆಡಳಿತ ಮಂಡಳಿಯ ಪಟ್ಟಿಯ ದೃಢೀಕೃತ ಪ್ರತಿ ಪಡೆಯಿರಿ. ಕೊನೆಯ ಪಟ್ಟಿಯಲ್ಲಿ ಇದ್ದವರಲ್ಲಿ ಬದುಕಿರುವವರೇ ಸಭೆ ಕರೆಯಲು ಅರ್ಹರು, ಅದಕ್ಕೇ ಆ ಪ್ರತಿ ಮುಖ್ಯ.

ಅವರ ಸಹಿಯಲ್ಲಿ ಎಲ್ಲ ಸದಸ್ಯರಿಗೂ ಸಭೆಯ ನೋಟಿಸ್ ಹೋಗಲಿ. ಬೈಲಾದಲ್ಲಿ ಎಷ್ಟು ದಿನ ಮುಂಚೆ ಎಂದಿದೆಯೋ ಅಷ್ಟು ದಿನ ಮುಂಚೆ, ಕೊಟ್ಟದ್ದಕ್ಕೆ ಸಹಿ ಅಥವಾ ಅಂಚೆ ರಸೀದಿ ಇಟ್ಟುಕೊಂಡು. ವಾಟ್ಸಾಪ್‌ನಲ್ಲಿ ಹಾಕಿದ್ದೆವು ಎಂಬುದು ಜಗಳ ಬಂದಾಗ ನಿಲ್ಲುವುದು ಕಷ್ಟ. ಸಭೆಯ ದಿನ ನಡವಳಿ ಪುಸ್ತಕದಲ್ಲಿ ದಿನಾಂಕ, ಸ್ಥಳ, ವೇಳೆ, ಒಟ್ಟು ಸದಸ್ಯರು, ಹಾಜರಾದವರು, ಕೋರಂ ಎಷ್ಟು ಬೇಕಿತ್ತು ಎಷ್ಟಿತ್ತು ಎಂಬುದನ್ನು ಬರೆದು, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳಿ. ಠರಾವು ಹೀಗಿರಬಹುದು:

“ಹಿಂದಿನ ಎಂಟು ವರ್ಷಗಳ ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸದೆ ಉಳಿದಿರುವುದನ್ನು ಸಭೆ ಗಮನಿಸಿತು. ಸಿಕ್ಕಿರುವ ಬ್ಯಾಂಕ್ ಪಾಸ್‌ಬುಕ್, ರಸೀದಿ ಮತ್ತು ವೋಚರ್‌ಗಳ ಆಧಾರದಿಂದ ವರ್ಷವಾರು ಲೆಕ್ಕ ಪರಿಶೋಧನೆ ಮಾಡಿಸಿ, ನಿಗದಿತ ದಂಡ ತುಂಬಿ ಸಲ್ಲಿಸಲು ಕಾರ್ಯದರ್ಶಿಗಳಿಗೆ ಅಧಿಕಾರ ಕೊಡಲಾಯಿತು.”

ಕೆಳಗೆ ಸೂಚಕರು, ಅನುಮೋದಕರು, ಅಧ್ಯಕ್ಷರ ಸಹಿ. ಅದೇ ಸಭೆಯಲ್ಲಿ ಹೊಸ ಆಡಳಿತ ಮಂಡಳಿ ಆರಿಸಿ. ದಂಡದ ಮೊತ್ತವನ್ನು ಕಚೇರಿಯಲ್ಲೇ ಬರಹದಲ್ಲಿ ಕೇಳಿ ಪಡೆಯಿರಿ. ಮಧ್ಯವರ್ತಿ ಹೇಳಿದ ಅಂಕಿ ನಂಬಬೇಡಿ.

ಇನ್ನು ಮುಂದೆ ನೆನಪಿಡಬೇಕಾದ್ದು ಒಂದೇ ದಿನಾಂಕ. ವಾರ್ಷಿಕ ಸರ್ವಸಾಧಾರಣ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಪರಿಶೋಧಿತ ಲೆಕ್ಕ ಸಲ್ಲಿಸಬೇಕು. ಜನ ನವೀಕರಣ ಅನ್ನುವುದು ಇದಕ್ಕೇ. ಇದನ್ನು ಬಿಟ್ಟ ಸಂಘದಲ್ಲಿ ಆಡಳಿತ ಮಂಡಳಿ ಯಾರು ಎಂದು ಹೇಳುವ ಅಧಿಕೃತ ಕಾಗದವೇ ಇರುವುದಿಲ್ಲ. ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಸೆಕ್ಷನ್ 25ರ ವಿಚಾರಣೆ ನಡೆಸಬೇಕಾಗುತ್ತದೆ. ಕೆಟ್ಟರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುವವರೆಗೂ ಹೋಗುತ್ತದೆ.

ಪ್ರಶ್ನೆ: ಹೆಣ್ಣುಮಕ್ಕಳ ವಸತಿ ನಿಲಯ ನಡೆಸುವ ನಮ್ಮ ಸಂಸ್ಥೆಯನ್ನು ಕಟ್ಟಿದ ಹಿರಿಯರು 22 ವರ್ಷದಿಂದ ಅಧ್ಯಕ್ಷರು. ಅವರ ಮೇಲೆ ನಮಗೆ ತುಂಬ ಗೌರವ. ಆದರೆ ಎಲ್ಲವನ್ನೂ ಅವರೊಬ್ಬರೇ ನಿರ್ಧರಿಸುತ್ತಾರೆ. ಈಗ ಮಗನನ್ನು ಖಜಾಂಚಿ ಮಾಡೋಣ ಎನ್ನುತ್ತಿದ್ದಾರೆ. ಜಗಳವಿಲ್ಲದೆ ದಾರಿ ಉಂಟೇ?
– ಆಡಳಿತ ಮಂಡಳಿ ಸದಸ್ಯರು, ಹಾವೇರಿ

ಉತ್ತರ: ಉಂಟು, ಆದರೆ ಮಗನ ವಿಷಯದಿಂದ ಶುರು ಮಾಡಬೇಡಿ. ಹಾಗೆ ಮಾಡಿದರೆ ಅದು ಮನೆತನದ ಮಾನದ ಪ್ರಶ್ನೆಯಾಗಿ ಕೂತುಬಿಡುತ್ತದೆ. ಸಭೆಯ ವಿಷಯಪಟ್ಟಿಯಿಂದ ಶುರು ಮಾಡಿ.

ಬಹುತೇಕ ಸಂಸ್ಥೆಗಳ ಸಭೆ ಹಿಂದಿನ ನಡವಳಿ ಓದಿ, ಜಮಾಖರ್ಚು ಒಪ್ಪಿ, ಚಹಾ ಕುಡಿದು ಮುಗಿಯುತ್ತದೆ. ನಿಲಯದ ಹುಡುಗಿಯರ ಮಾತೇ ಬರುವುದಿಲ್ಲ. ಮುಂದಿನ ಸಭೆಯ ಮೊದಲ ವಿಷಯ ಕೆಲಸದ ಲೆಕ್ಕವಾಗಲಿ. ಜೂನ್‌ನಲ್ಲಿ ಎಷ್ಟು ಹುಡುಗಿಯರು ಸೇರಿದರು, ಈಗ ಎಷ್ಟಿದ್ದಾರೆ, ಬಿಟ್ಟುಹೋದವರು ಯಾಕೆ ಹೋದರು, ಅದರಲ್ಲಿ ಎಷ್ಟು ಮಂದಿಗೆ ಮದುವೆಯಾಯಿತು, ಕಳೆದ ವರ್ಷದ ಎಸ್ಸೆಸ್ಸೆಲ್ಸಿಯವರು ಮುಂದೆ ಓದುತ್ತಿದ್ದಾರೆಯೇ. ಒಂದು ಹಾಳೆ ಸಾಕು. ಮೇಲ್ವಿಚಾರಕಿಯೇ ಬಂದು ಓದಲಿ. ಈ ಹಾಳೆ ಮೇಜಿನ ಮೇಲಿದ್ದರೆ ಅಧ್ಯಕ್ಷರು ಏನೆಂದರು ಎಂಬುದಕ್ಕಿಂತ ಹುಡುಗಿಯರಿಗೆ ಏನು ಬೇಕು ಎಂಬುದು ಮುಂದೆ ಬರುತ್ತದೆ. ಸಂಸ್ಥೆ ಕಟ್ಟಿದ ಹಿರಿಯರು ಈ ಮಾತಿಗೆ ಎಲ್ಲರಿಗಿಂತ ಮೊದಲು ಕಿವಿಗೊಡುತ್ತಾರೆ. ಅವರು 22 ವರ್ಷ ಜೀವ ತೇದದ್ದು ಅದಕ್ಕೇ ಅಲ್ಲವೇ.

ಇದಾದ ಮೇಲೆ ಬೈಲಾ ತಿದ್ದುಪಡಿ ತನ್ನಿ, ಯಾರ ಹೆಸರನ್ನೂ ಎತ್ತದೆ. ಪದಾಧಿಕಾರಿಗಳ ಅವಧಿ 3 ವರ್ಷ, ಒಂದೇ ಹುದ್ದೆಯಲ್ಲಿ ಸತತ ಎರಡು ಅವಧಿಗಿಂತ ಹೆಚ್ಚಿಲ್ಲ. ಪ್ರತಿ ವರ್ಷ ಮಂಡಳಿಯ ಮೂರನೇ ಒಂದು ಭಾಗ ನಿವೃತ್ತಿಯಾಗಲಿ. ಇದರಿಂದ ಎಲ್ಲರೂ ಒಮ್ಮೆಲೇ ಬದಲಾಗಿ ಹಳೆಯ ವಿಷಯ ಗೊತ್ತಿರುವವರೇ ಇಲ್ಲವಾಗುವುದಿಲ್ಲ. ಚೆಕ್‌ಗೆ ಮೂವರಲ್ಲಿ ಯಾರಾದರೂ ಇಬ್ಬರ ಸಹಿ, ಆದರೆ ಆ ಇಬ್ಬರು ಒಂದೇ ಮನೆಯವರಾಗಿರಕೂಡದು. ಈ ಕೊನೆಯ ಸಾಲು ಮಗನ ಪ್ರಶ್ನೆಯನ್ನು ತಾನಾಗಿ ಬಗೆಹರಿಸುತ್ತದೆ. ಅವನು ಯೋಗ್ಯನಿದ್ದರೆ ಸಾಮಾನ್ಯ ಸದಸ್ಯನಾಗಿ ಬಂದು ದುಡಿಯಲಿ. ಹಣದ ಕೈ ಬೇರೆಯಿರಲಿ. ಆದಾಯ ತೆರಿಗೆಯ ಸೆಕ್ಷನ್ 13 ಸಂಸ್ಥಾಪಕರು, ಟ್ರಸ್ಟಿಗಳು, ಆಡಳಿತಗಾರರು ಮತ್ತು ಅವರ ಬಂಧುಗಳಿಗೆ ಸಂಸ್ಥೆಯ ಹಣದಿಂದ ಅನುಚಿತ ಲಾಭವಾಗುವುದನ್ನು ತಡೆಯುತ್ತದೆ ಎಂಬುದನ್ನೂ ಸಭೆಯಲ್ಲಿ ಓದಿ ಹೇಳಿ.

ಹಿರಿಯರಿಗೆ ಸ್ಥಾಪಕ ಮಾರ್ಗದರ್ಶಕರೆಂಬ ಸ್ಥಾನ ಕೊಡಿ. ಸಭೆಗೆ ಆಹ್ವಾನ ಇರಲಿ, ಮಾತಾಡುವ ಹಕ್ಕು ಇರಲಿ, ಮತ ಮತ್ತು ಸಹಿಯ ಅಧಿಕಾರ ಬೇಡ. ಅರ್ಧ ಬಿಟ್ಟುಕೊಟ್ಟು ಅರ್ಧ ಹಿಡಿದುಕೊಳ್ಳುವುದೇ ಎಲ್ಲಕ್ಕಿಂತ ಕೆಟ್ಟದ್ದು. ಹೊಸ ಅಧ್ಯಕ್ಷರ ಮಾತನ್ನು ಸಿಬ್ಬಂದಿ ಕೇಳುವುದಿಲ್ಲ, ಹಳಬರ ಮನೆಗೆ ಹೋಗಿ ಒಪ್ಪಿಗೆ ತರುತ್ತಾರೆ.

ಹಸ್ತಾಂತರವನ್ನು ಹಾರ, ಶಾಲಿಗೆ ಮುಗಿಸಬೇಡಿ. ಅಸಲಿ ಎಡವಟ್ಟು ಮೊಬೈಲ್ ನಂಬರಿನಲ್ಲಿರುತ್ತದೆ. ಆದಾಯ ತೆರಿಗೆ ಪೋರ್ಟಲ್, ಸರ್ಕಾರದ ಸೇವಾ ಸಂಸ್ಥೆಗಳ ಪೋರ್ಟಲ್ ಎನ್‌ಜಿಓ ದರ್ಪಣ್, ಬ್ಯಾಂಕ್ ಇವೆಲ್ಲದರ ಓಟಿಪಿ ಹಳೆಯ ಅಧ್ಯಕ್ಷರ ಅಥವಾ ಅವರ ಮನೆಯವರ ಫೋನಿಗೆ ಹೋಗುತ್ತಿರುತ್ತದೆ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಆ ಫೋನ್ ಸ್ವಿಚ್ ಆಫ್. ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಮಾಡಿ ಎಲ್ಲ ಕಡೆ ಬದಲಾಯಿಸಿ. ಮೂಲ ನೋಂದಣಿ ಪತ್ರ, ಪ್ಯಾನ್, ಟ್ಯಾನ್, 12ಎ ಮತ್ತು 80ಜಿ ಆದೇಶ, ಜಾಗದ ಉತಾರ, ನಡವಳಿ ಪುಸ್ತಕಗಳನ್ನು ಪಟ್ಟಿ ಮಾಡಿ ಕೊಟ್ಟವರು, ಪಡೆದವರು ಇಬ್ಬರೂ ಸಹಿ ಹಾಕಿ. ಬ್ಯಾಂಕಿಗೆ ಸಹಿ ಬದಲಾವಣೆಯ ಠರಾವು ಅದೇ ವಾರ ಹೋಗಲಿ.

ಪ್ರಶ್ನೆ: ಟ್ರಸ್ಟಿಯೇ ಪೂರ್ಣಾವಧಿ ಕೆಲಸ ಮಾಡಿದರೆ ಸಂಬಳ ಪಡೆಯಬಹುದೇ?
– ಲಕ್ಷ್ಮೇಶ್ವರ

ಉತ್ತರ: ಡೀಡ್ ಅಥವಾ ಬೈಲಾ ಅದಕ್ಕೆ ಅವಕಾಶ ಕೊಟ್ಟಿದ್ದರೆ, ಮಾಡಿದ ಕೆಲಸಕ್ಕೆ ತಕ್ಕಷ್ಟು ಪಡೆಯಬಹುದು. ಅದೇ ಕೆಲಸಕ್ಕೆ ಹೊರಗಿನವರಿಗೆ ಎಷ್ಟು ಕೊಡುತ್ತಿದ್ದಿರಿ ಎಂಬುದೇ ಅಳತೆ. ಠರಾವು ಮಾಡುವಾಗ ಆ ಟ್ರಸ್ಟಿ ಹೊರಗೆ ಹೋಗಲಿ, ಹೋದದ್ದನ್ನು ನಡವಳಿಯಲ್ಲಿ ಬರೆಯಿರಿ. ಕೈಸಾಲ ಮಾತ್ರ ಬೇಡವೇ ಬೇಡ. ಒಂದೇ ದಿನ ಒಬ್ಬರಿಗೆ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚು ತೆರಿಗೆಯ ಲೆಕ್ಕದಲ್ಲಿ ಖರ್ಚೇ ಅಲ್ಲ, ಹಾಗಾಗಿ ಸಂಬಳ ಖಾತೆಗೇ ಹೋಗಲಿ. ಸಿಬ್ಬಂದಿ 20 ಮುಟ್ಟಿದರೆ ಪಿಎಫ್ ಅನ್ವಯವಾಗುತ್ತದೆ. ಸೇವಾ ಸಂಸ್ಥೆ ಎಂಬ ರಿಯಾಯಿತಿ ಅಲ್ಲಿ ಇಲ್ಲ.

ಪ್ರಶ್ನೆ: ನಾವು ಕೆರೆ ಹೂಳು ತೆಗೆಸುವ, ಗಿಡ ನೆಡುವ ಸಂಸ್ಥೆ. ಒಂದು ಕಂಪನಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಹೊಲಿಗೆ ತರಬೇತಿ ನಡೆಸಿಕೊಡಿ ಎನ್ನುತ್ತಿದೆ. ದೊಡ್ಡ ಮೊತ್ತ. ಒಪ್ಪಿಕೊಳ್ಳಲೇ?
– ಹುಬ್ಬಳ್ಳಿ

ಉತ್ತರ: ನಮ್ಮ ಅಭಿಪ್ರಾಯದಲ್ಲಿ ಬೇಡ. ಉದ್ದೇಶದ ಕಲಮಿನಲ್ಲಿ ಇಲ್ಲದ ಕೆಲಸಕ್ಕೆ ಹಣ ಪಡೆದರೆ ಕಾನೂನಿನ ತೊಡಕು ಒಂದು ಕಡೆ. ಇನ್ನೊಂದು ಕಡೆ, ಹೊಲಿಗೆ ಯಂತ್ರ, ಬಾಡಿಗೆ ಕಟ್ಟಡ, ಇಬ್ಬರು ಶಿಕ್ಷಕಿಯರನ್ನು ಹೊಂದಿಸುವಷ್ಟರಲ್ಲಿ ನಿಮ್ಮ ಒಳ್ಳೆಯ ಕಾರ್ಯಕರ್ತರು ಅಲ್ಲೇ ಸವೆದುಹೋಗುತ್ತಾರೆ. ಹೂಳು ತೆಗೆಸಲು ಇರುವುದು ಬೇಸಿಗೆಯ ಮೂರು ತಿಂಗಳು. ಆ ಮೂರು ತಿಂಗಳು ಕೈತಪ್ಪಿದರೆ ಒಂದು ವರ್ಷವೇ ಹೋಯಿತು. ಎರಡನೇ ವರ್ಷ ಕಂಪನಿ ಕೈಬಿಟ್ಟರೆ ಯಂತ್ರಗಳು ಉಳಿಯುತ್ತವೆ, ಸಂಬಳದ ಹೊರೆ ಉಳಿಯುತ್ತದೆ.

ಬರೀ ಬೇಡ ಎನ್ನದೆ ಎದುರು ಪ್ರಸ್ತಾವ ಇಡಿ. ಒಂದು ಕೆರೆಯ ಹೆಸರು, ಎಷ್ಟು ಘನಮೀಟರ್ ಹೂಳು, ಜೆಸಿಬಿ ಗಂಟೆಗೆ ಎಷ್ಟು, ಟ್ರ್ಯಾಕ್ಟರ್ ಎಷ್ಟು, ಹೂಳು ಯಾವ ಹೊಲಗಳಿಗೆ ಹೋಗುತ್ತದೆ, ರೈತರು ತಮ್ಮ ಸಾಗಣೆ ಖರ್ಚು ಹೊರುತ್ತಾರೆಯೇ, ಗ್ರಾಮ ಪಂಚಾಯಿತಿಯ ಠರಾವು ಇದೆಯೇ, ಕೆರೆ ಯಾವ ಇಲಾಖೆಯದೋ ಆ ಇಲಾಖೆಯ ಅನುಮತಿ ಇದೆಯೇ. ಎರಡು ಪುಟ ಸಾಕು. ಪರಿಸರ ರಕ್ಷಣೆ ಸಿಎಸ್‌ಆರ್ ಪಟ್ಟಿಯಲ್ಲಿ ಇದ್ದೇ ಇದೆ.

ಸಿಎಸ್‌ಆರ್ ಪಡೆಯಲು ನಿಮ್ಮಲ್ಲಿ 12ಎ, 80ಜಿ, ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಮತ್ತು ಅಂಥ ಕೆಲಸದಲ್ಲಿ 3 ವರ್ಷದ ಅನುಭವ ಬೇಕು. ಇನ್ನೊಂದು ಮಾತು. ಆಡಳಿತ ವೆಚ್ಚಕ್ಕೆ ಶೇ. 5 ಮಾತ್ರ ಎಂದು ಕಂಪನಿಯವರು ಹೇಳಿದರೆ, ಆ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಎಂದು ವಿನಯವಾಗಿ ತಿಳಿಸಿ. ಯೋಜನೆಗೆ ನೇರವಾಗಿ ದುಡಿಯುವ ನಿಮ್ಮ ಮೇಲ್ವಿಚಾರಕರ ಸಂಬಳ, ಓಡಾಟ ಯೋಜನಾ ವೆಚ್ಚವೇ. ಈ ಗೊಂದಲದಿಂದ ಎಷ್ಟೋ ಸಂಸ್ಥೆಗಳು ಕೈಯಿಂದ ಹಣ ಹಾಕಿ ಕಂಪನಿಯ ಕೆಲಸ ಮಾಡಿಕೊಟ್ಟಿವೆ.

ಪ್ರಶ್ನೆ: ಸುಗ್ಗಿಯಲ್ಲಿ ರೈತರು ನಮ್ಮ ದಾಸೋಹಕ್ಕೆ ಜೋಳದ ಚೀಲ ಕೊಡುತ್ತಾರೆ, ಕೆಲವರು ನಗದು. ಎಲ್ಲರಿಗೂ 80ಜಿ ಪಾವತಿ (ರಸೀದಿ) ಕೊಡಬಹುದೇ?
– ನವಲಗುಂದ

ಉತ್ತರ: ಧಾನ್ಯಕ್ಕೆ 80ಜಿ ಇಲ್ಲ, ಅದು ಹಣಕ್ಕೆ ಮಾತ್ರ. ಚೀಲಕ್ಕೆ ಬೇರೆ ಪಾವತಿ ಪುಸ್ತಕ ಇಡಿ, ತೂಕ ಬರೆಯಿರಿ, ದಾಸ್ತಾನು ರಿಜಿಸ್ಟರ್‌ಗೆ ಏರಿಸಿ. ನಗದಾದರೆ ₹2,000ದವರೆಗೆ ಮಾತ್ರ 80ಜಿ ಲಾಭ, ಅದಕ್ಕಿಂತ ಹೆಚ್ಚು ಕೊಡುವವರು ಚೆಕ್ ಅಥವಾ ಯುಪಿಐ ಮಾಡಲಿ. ಕೊಟ್ಟವರ ಹೆಸರು, ವಿಳಾಸ, ಪ್ಯಾನ್ ಅಥವಾ ಆಧಾರ್ ಬರೆದುಕೊಂಡು, ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ಪಟ್ಟಿಯನ್ನು ಪೋರ್ಟಲ್‌ಗೆ ಹಾಕಿ. ಈವರೆಗೆ ಇದು 10ಬಿಡಿ ನಮೂನೆ. ಅಲ್ಲಿಂದ ಬರುವ ಪ್ರಮಾಣಪತ್ರವೇ ದಾನಿಗೆ ಆಧಾರ, ನಿಮ್ಮ ಅಚ್ಚಿನ ಪಾವತಿಯಲ್ಲ. ತಡವಾದರೆ ದಿನಕ್ಕೆ ₹200. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಈ ಕಡಿತ ಸಿಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ಪ್ರಶ್ನೆ: ನಾವು ಹದಿನಾಕ ಮಂದಿ ಹೆಣ್ಮಕ್ಕಳು ಕೂಡಿ ಸ್ವಸಹಾಯ ಸಂಘ ಮಾಡೇವಿ. ಮೆಣಸಿನಕಾಯಿ ತಗೊಂಡು ಖಾರಪುಡಿ ಮಾಡಿ ಮಾರತೇವಿ. ಎನ್‌ಜಿಓ ಅಂತ ರಿಜಿಸ್ಟರ್ ಮಾಡಿಸಿದ್ರ ಟ್ಯಾಕ್ಸ್ ಇರೂದಿಲ್ಲ, ಗ್ರಾಂಟ್ ಬರತೈತಿ ಅಂತ ಒಬ್ರು ಹೇಳ್ಯಾರ. ಉಳಿದ ರೊಕ್ಕ ನಾವು ಹಂಚಿಕೋಬಹುದೇನ್ರಿ?
– ಬ್ಯಾಡಗಿ

ಉತ್ತರ: ಇಲ್ಲ ಅಕ್ಕ. ಎನ್‌ಜಿಓ ಎಂದು ನೋಂದಾಯಿಸಿದ ದಿನದಿಂದ ಉಳಿದ ಒಂದು ರೂಪಾಯಿಯನ್ನೂ ನೀವು ಹಂಚಿಕೊಳ್ಳುವಂತಿಲ್ಲ. ನಿಮ್ಮದು ದುಡಿದು ಗಳಿಸುವ ಗುಂಪು, ಆ ಗಳಿಕೆ ನಿಮ್ಮ ಮನೆಗೇ ಬರಬೇಕು. ಹಾಗೆ ಬಯಸುವುದರಲ್ಲಿ ತಪ್ಪೇನೂ ಇಲ್ಲ. ತಪ್ಪು ರೂಪ ಆರಿಸಿಕೊಂಡರೆ ಮಾತ್ರ ನಿಮ್ಮದೇ ಹಣ ಮುಟ್ಟಿದ್ದಕ್ಕೆ ನೀವೇ ಉತ್ತರ ಹೇಳಬೇಕಾಗುತ್ತದೆ.

ನಿಮಗೆ ಒಪ್ಪುವುದು ಸಹಕಾರಿ ಸಂಘ ಅಥವಾ ಉತ್ಪಾದಕರ ಕಂಪನಿ. ಸಹಕಾರ ನಮ್ಮ ನೆಲದ್ದೇ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಶುರು ಮಾಡಿದರು. ಸಹಕಾರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಮತ, ಲಾಭದಲ್ಲಿ ನಿಯಮದ ಪ್ರಕಾರ ಪಾಲು. ಉತ್ಪಾದಕರ ಕಂಪನಿಗೆ ಹತ್ತು ಮಂದಿ ಉತ್ಪಾದಕರು ಸಾಕು, ನೀವು ಹದಿನಾಲ್ಕು ಮಂದಿ ಇದ್ದೀರಿ. ಆದರೆ ಕಂಪನಿಯ ಕಾಗದಪತ್ರದ ಖರ್ಚು ಪ್ರತಿ ವರ್ಷ ಇದ್ದದ್ದೇ. ವ್ಯಾಪಾರ ಸಣ್ಣದಿರುವ ತನಕ ಸ್ವಸಹಾಯ ಸಂಘವಾಗಿಯೇ ಇದ್ದು, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಪ್ಯಾಕೆಟ್ ಮೇಲೆ ತೂಕ, ಬೆಲೆ, ತಯಾರಿಸಿದ ದಿನ ಸರಿಯಾಗಿ ಹಾಕಿ ಮಾರಿ. ಗ್ರಾಂಟ್ ಎಂದವರು ಬರೆದುಕೊಡಲು ಎಷ್ಟು ಹಣ ಕೇಳಿದರು ಎಂಬುದನ್ನೂ ಯೋಚಿಸಿ.

ಪ್ರಶ್ನೆ: ನಮ್ಮ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ನಮ್ಮ ಸಂಸ್ಥೆಗೆ ವರ್ಷಕ್ಕೆ ಒಂದಿಷ್ಟು ಹಣ ಕಳಿಸುತ್ತೇನೆ ಅನ್ನುತ್ತಾನೆ. ಸ್ವಂತ ಮನೆಯ ಹುಡುಗ, ಇದಕ್ಕೂ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕೇ?
– ಧಾರವಾಡ

ಉತ್ತರ: ಅವನು ಎಲ್ಲಿದ್ದಾನೆ ಎಂಬುದಕ್ಕಿಂತ ಯಾವ ದೇಶದ ಪೌರ ಎಂಬುದು ಮುಖ್ಯ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುತ್ತಿದ್ದರೆ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಆಗ 2010ರ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ಡಾಲರ್ ಕೂಡ ಪಡೆಯುವಂತಿಲ್ಲ. ನೋಂದಣಿಗೆ ಸಂಸ್ಥೆಗೆ 3 ವರ್ಷ ತುಂಬಿರಬೇಕು, ಆ 3 ವರ್ಷದಲ್ಲಿ ಮುಖ್ಯ ಕೆಲಸಗಳಿಗೆ ಕನಿಷ್ಠ ₹15 ಲಕ್ಷ ಖರ್ಚಾಗಿರಬೇಕು. ಹಣ ಮೊದಲು ಬರಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೆ. ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತಕ್ಕೆ ಶೇ. 20ಕ್ಕಿಂತ ಹೆಚ್ಚು ಬಳಸುವಂತಿಲ್ಲ.

ನಿಮ್ಮಂಥ ಸಣ್ಣ ಸಂಸ್ಥೆಗೆ ಇಷ್ಟು ಭಾರ ಬೇಕಿಲ್ಲ. ಹುಡುಗನಿಗೆ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಈ ವಾರವೇ ಫೋನ್ ಮಾಡಿ ಕೇಳಿ. ಭಾರತದ್ದಾದರೆ ಅದರ ನಕಲು, ಸ್ವಂತ ಉಳಿತಾಯದ ಹಣ ಎಂಬ ಒಂದು ಸಾಲಿನ ಪತ್ರ, ಬ್ಯಾಂಕಿನ ಸಂದಾಯದ ಚೀಟಿ ಮೂರನ್ನೂ ಒಂದೇ ಕಡತದಲ್ಲಿ ಇಡಿ. ಮುಂದೆ ಅವನು ಪೌರತ್ವ ಬದಲಾಯಿಸಿದರೆ ಆ ದಿನದಿಂದ ಹಣ ನಿಲ್ಲಿಸಲು ಈಗಲೇ ಹೇಳಿಡಿ.